ವೇದಿಕೆಯ ಮೇಲಿನ ‘ನಾನು’: ಹಿಪ್‌ಹಾಪ್ ರಂಗಭೂಮಿಯನ್ನು ಕುರಿತ ಒಂದು ಸಮೀಕ್ಷೆ

ಒಬ್ಬನೇ ನಟ, ಅಥವಾ ಒಬ್ಬಳೇ ನಟಿ, ಅಲಂಕಾರವಿಲ್ಲದ ವೇದಿಕೆಯ ಮೇಲೆ ನಿಂತು, ಹಿಂದೆ ಡಿ.ಜೆ. ಒಬ್ಬರು ಧ್ವನಿತಟ್ಟೆಗಳನ್ನು ತಿರುವಿ ಎಬ್ಬಿಸುವ ತಾಳವನ್ನು ಅನುಸರಿಸಿ, ಒಂದು ಕ್ಷಣ ಪ್ರಾಸದ ಮೇಲೆ ಪ್ರಾಸವನ್ನು ಪೇರಿಸಿ ನುಡಿಯುತ್ತ, ಮರುಕ್ಷಣದಲ್ಲಿ ತನ್ನ ಬಾಳಿನ ನೋವನ್ನು ಕವಿತೆಯಾಗಿ ನಿವೇದಿಸುತ್ತ, ಅನಂತರ ಬೆನ್ನನ್ನು ತುಸು ಬಾಗಿಸಿ ಬೀದಿಯ ಮುದುಕಿಯೊಬ್ಬಳೇ ಆಗಿಬಿಡುತ್ತ ಸಭಿಕರನ್ನು ಕಟ್ಟಿಹಾಕುವ ಪ್ರದರ್ಶನವೊಂದು ಕಳೆದ ಶತಮಾನದ ಕೊನೆಯ ದಶಕದಿಂದೀಚೆಗೆ ಅಮೆರಿಕದ ಮಹಾನಗರಗಳಲ್ಲಿ ಬಳಕೆಗೆ ಬಂದಿತು. ಅದಕ್ಕೆ ಹಿಪ್‌ಹಾಪ್ ರಂಗಭೂಮಿ ಎಂಬ ಹೆಸರು ನಿಂತಿದೆ. ಹೆಸರು ನಿಂತಿತೇ ಹೊರತು ಹೆಸರಿನ ಅರ್ಥ ನಿಲ್ಲಲಿಲ್ಲ. ಸಂಗೀತವನ್ನು ಬಲ್ಲವರು ಇದನ್ನು ನಾಟಕವೆಂದರು; ನಾಟಕವನ್ನು ಬಲ್ಲವರು ಕವಿತಾವಾಚನವೆಂದರು; ಕಾವ್ಯದ ಪಂಡಿತರಲ್ಲಿ ಕೆಲವರು ಇದನ್ನು ತಮ್ಮ ಮನೆಯ ಹೊಸ್ತಿಲ ಹೊರಗೇ ನಿಲ್ಲಿಸಿದರು. ಹೀಗೆ ಮೂರು ಮನೆಗಳವರೂ ತಮ್ಮದಲ್ಲವೆಂದ ಕಲೆಯೊಂದು ಮೂರು ಮನೆಗಳ ಪ್ರಶಸ್ತಿಗಳನ್ನೂ ಪಡೆದುದು ಒಂದು ವಿನೋದವೇ ಸರಿ.

ಈ ಕಲೆಯನ್ನು ಕುರಿತು ನಡೆದಿರುವ ವಾದಗಳು ಹಲವು. ಆದರೆ ಅವೆಲ್ಲದರ ತಳದಲ್ಲಿ ಒಂದೇ ಪ್ರಶ್ನೆಯಿದೆ ಎಂದು ನನಗೆ ತೋರುತ್ತದೆ: ಈ ಕಲಾವಿದನು ವೇದಿಕೆಯ ಮೇಲೆ ‘ನಾನು’ ಎಂದಾಗ, ಆ ‘ನಾನು’ ಯಾರು? ರ‍್ಯಾಪ್ ನುಡಿಯುವವನ ‘ನಾನು’ ಆತ್ಮಪ್ರಶಂಸೆಯದು. ಅದನ್ನು ಯಾರೂ ಅಕ್ಷರಶಃ ನಂಬಬೇಕೆಂದು ಅವನೇ ಅಪೇಕ್ಷಿಸನು. ಸ್ಪೋಕನ್ ವರ್ಡ್ ಕವಿಯ, ಅಂದರೆ ವೇದಿಕೆಯ ಮೇಲೆ ನುಡಿಯುವುದಕ್ಕೆಂದೇ ಕವಿತೆ ಕಟ್ಟುವವನ, ‘ನಾನು’ ನಿವೇದನೆಯದು. ಕೇಳುವವರು ನಂಬದೆ ಹೋದರೆ ಅಲ್ಲಿಗೆ ಕವಿತೆಯೇ ಕೆಟ್ಟಿತು. ನಟನ ‘ನಾನು’ ಪರರದು. ಅವನು ಅದಲ್ಲವೆಂಬುದನ್ನು ನಾವು ಬಲ್ಲೆವು, ಬಲ್ಲೆವಾದುದರಿಂದಲೇ ಮೆಚ್ಚುತ್ತೇವೆ. ಈ ಮೂರೂ ಒಂದೇ ದೇಹದಲ್ಲಿ, ಒಂದೇ ಸಂಜೆಯಲ್ಲಿ ಬಂದು ಕೂಡಿದಾಗ ಉಂಟಾಗುವ ತೊಡಕನ್ನು ಬೇರೆ ಬೇರೆ ಪಂಥದವರು ಬೇರೆ ಬೇರೆ ರೀತಿಯಲ್ಲಿ ಬಿಡಿಸಲು ಯತ್ನಿಸಿದ್ದಾರೆ. ಆ ಯತ್ನಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹಾರ್ಲೆಮ್‌ನಿಂದ ಬ್ರಾಂಕ್ಸ್‌ವರೆಗೆ

ಇದರ ಪೂರ್ವೇತಿಹಾಸವನ್ನು ಒಂದೇ ಊರಿನಲ್ಲಿ ಹುಡುಕಿದರೆ ಸಾಲದು. ೧೯೬೫ರಲ್ಲಿ, ಕರಿಯರ ಹೋರಾಟದ ನಾಯಕ ಮಾಲ್ಕಮ್ ಎಕ್ಸ್ ಹತರಾದ ವರ್ಷದಲ್ಲಿಯೇ, ಅಮೀರಿ ಬರಾಕಾ ಎಂದು ಮುಂದೆ ಪ್ರಸಿದ್ಧರಾದ ಲೀರಾಯ್ ಜೋನ್ಸ್ ಅವರು ಹಾರ್ಲೆಮ್‌ನಲ್ಲಿ ಬ್ಲ್ಯಾಕ್ ಆರ್ಟ್ಸ್ ರೆಪರ್ಟರಿ ಥಿಯೇಟರ್ ಎಂಬ ರಂಗಶಾಲೆಯನ್ನು ಸ್ಥಾಪಿಸಿ, ನಾಟಕವನ್ನೂ ಕವಿತೆಯನ್ನೂ ಸಂಗೀತವನ್ನೂ ಬೀದಿಗೆ ತಂದರು. ಶಾಲೆ ಅಲ್ಪಾಯುಷಿಯಾಯಿತು, ಅದರ ಆಶಯ ಮಾತ್ರ ಉಳಿಯಿತು. ೧೯೬೮ರ ಮೇ ೧೯ರಂದು, ಮಾಲ್ಕಮ್ ಎಕ್ಸ್ ಅವರ ಜನ್ಮದಿನದಂದು, ಅದೇ ಹಾರ್ಲೆಮ್‌ನ ಮೌಂಟ್ ಮಾರಿಸ್ ಉದ್ಯಾನದಲ್ಲಿ ‘ಲಾಸ್ಟ್ ಪೊಯೆಟ್ಸ್’ ಎಂಬ ಕವಿಗಳ ತಂಡ ಕಾಂಗಾ ಮದ್ದಳೆಯ ಬಡಿತಕ್ಕೆ ಕವಿತೆಯನ್ನು ನುಡಿಯತೊಡಗಿತು. ಲಾಸ್ ಏಂಜಲೀಸಿನ ‘ವಾಟ್ಸ್ ಪ್ರಾಫೆಟ್ಸ್’ ತಂಡವೂ ಗಿಲ್ ಸ್ಕಾಟ್-ಹೆರಾನ್ ಅವರೂ ಇದೇ ಕಾಲದವರು.

ಈ ಧಾರೆಯಿಂದ ರಂಗಭೂಮಿಗೆ ಬಂದ ಕೃತಿಗಳಲ್ಲಿ ಅಗ್ರಗಣ್ಯವಾದುದು ಎಂಟೊಜಾಕೆ ಶಾಂಗೆ ಅವರ ‘ಫಾರ್ ಕಲರ್ಡ್ ಗರ್ಲ್ಸ್’. ದೀರ್ಘವಾದ ಅದರ ಹೆಸರನ್ನು ಎಲ್ಲರೂ ಹೀಗೆಯೇ ಮೊಟಕುಮಾಡಿ ಹೇಳುವರು. ೧೯೭೪ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯ ಹೊರವಲಯದ ಒಂದು ಪಾನಗೃಹದಲ್ಲಿ ಕವಯಿತ್ರಿಯೇ ಇತರ ಕಲಾವಿದೆಯರ ಜತೆಗೂಡಿ ನುಡಿದು ಕುಣಿದು ಪ್ರಾರಂಭಿಸಿದ ಈ ಕೃತಿ, ಎರಡೇ ವರ್ಷಗಳಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯ ಬೂತ್ ರಂಗಮಂದಿರಕ್ಕೆ ಏರಿತು. ಅದಕ್ಕೆ ಆಕೆ ಕೊಟ್ಟ ಹೆಸರು ‘ಕೋರಿಯೋಪೊಯೆಮ್’, ಅಂದರೆ ನೃತ್ಯಕಾವ್ಯ. ಕವಯಿತ್ರಿಯೊಬ್ಬಳೇ ಬರೆದ ಕವಿತೆಗಳು ಬ್ರಾಡ್‌ವೇಗೆ ಬರುವ ವೇಳೆಗೆ ಏಳು ಮಂದಿ ಸ್ತ್ರೀಯರಿಗೆ ಹಂಚಿಕೆಯಾಗಿದ್ದವು. ಆ ಏಳು ಮಂದಿಗೂ ಸ್ವಂತದ ಹೆಸರಿಲ್ಲ, ತೊಟ್ಟ ಉಡುಗೆಯ ಬಣ್ಣವೇ ಹೆಸರು. ಒಬ್ಬಳ ‘ನಾನು’ ಏಳು ಕಂಠಗಳಾಗಿ ಒಡೆದರೂ ಒಬ್ಬಳ ಅಳಲಿನಂತೆಯೇ ಕೇಳಿಸಿದ ಈ ಪ್ರಯೋಗವನ್ನು ಮರೆತವರಿಗೆ ಹಿಪ್‌ಹಾಪ್ ರಂಗಭೂಮಿ ಆಕಾಶದಿಂದ ಉದುರಿದಂತೆ ಕಾಣುವುದು ಸಹಜ.

ಹಿಪ್‌ಹಾಪಿನ ಹುಟ್ಟು ಬೇರೆ ಕಡೆಯದು. ಜಮೈಕದಿಂದ ವಲಸೆ ಬಂದ ಕುಟುಂಬದ ಕೂಲ್ ಹರ್ಕ್ ಎಂಬ ತರುಣ, ತಂಗಿಯು ಶಾಲೆಯ ಹೊಸ ಬಟ್ಟೆಗೆ ಹಣ ಕೂಡಿಸಲೆಂದು ಏರ್ಪಡಿಸಿದ ಸಂತೋಷಕೂಟದಲ್ಲಿ, ೧೯೭೩ರ ಆಗಸ್ಟ್ ೧೧ರಂದು, ಬ್ರಾಂಕ್ಸ್‌ನ ೧೫೨೦ ಸೆಡ್ಜ್‌ವಿಕ್ ಅವೆನ್ಯೂ ಎಂಬ ವಸತಿಕಟ್ಟಡದ ಸಾರ್ವಜನಿಕ ಕೋಣೆಯಲ್ಲಿ ಧ್ವನಿತಟ್ಟೆಗಳನ್ನು ನುಡಿಸಿದುದನ್ನೇ ಇದರ ಜನ್ಮದಿನವೆಂದು ಎಣಿಸುವರು. ಹಾಡು ನಿಂತು ತಾಳವಾದ್ಯ ಮಾತ್ರ ಕೇಳಿಬರುವ ಭಾಗದಲ್ಲಿ ಕುಣಿಯುವವರ ಉತ್ಸಾಹ ಇಮ್ಮಡಿಸುವುದನ್ನು ಗಮನಿಸಿದ್ದ ಆತ, ಒಂದೇ ಹಾಡಿನ ಎರಡು ತಟ್ಟೆಗಳನ್ನು ಇಟ್ಟುಕೊಂಡು, ಒಂದರಲ್ಲಿ ಆ ಭಾಗ ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಎತ್ತಿಕೊಂಡು, ಅಲ್ಪವಾದುದನ್ನು ದೀರ್ಘಮಾಡುವ ಉಪಾಯವನ್ನು ಬೆಳೆಸಿದನು. ಡಿ.ಜೆ.ಯ ಕೈಚಳಕ, ತಾಳಕ್ಕೆ ಪ್ರಾಸಗೂಡಿಸಿ ನುಡಿಯುವ ಎಂ.ಸಿ.ಯ ಮಾತು, ಬ್ರೇಕ್ ನೃತ್ಯ, ಗೋಡೆಯ ಮೇಲಿನ ಗ್ರಾಫಿಟಿ ಬರಹ ಎಂದು ಹಿಪ್‌ಹಾಪಿನ ಅಂಗಗಳನ್ನು ನಾಲ್ಕಾಗಿ ಎಣಿಸುವ ಪದ್ಧತಿ ಅನಂತರ ಬಂದಿತು. ಇವುಗಳಲ್ಲಿ ಒಂದಾದ ಎಂ.ಸಿ.ಯ ಮಾತು ಮಾತ್ರ ೧೯೭೯ರಿಂದ ಧ್ವನಿಮುದ್ರಿತವಾಗಿ ಮಾರಾಟದ ಸರಕಾಯಿತು. ಉಳಿದವು ಎಷ್ಟೋ ಕಾಲ ಬೀದಿಯಲ್ಲೇ ಉಳಿದವು. ಈ ನಾಲ್ಕು ಅಂಗಗಳನ್ನು ಮತ್ತೆ ಒಂದು ಸ್ಥಳದಲ್ಲಿ ಕೂಡಿಸಬೇಕೆಂಬ ಹಂಬಲ ಹಿಪ್‌ಹಾಪ್ ರಂಗಭೂಮಿಯ ಪ್ರೇರಣೆಗಳಲ್ಲಿ ಒಂದೆಂಬುದನ್ನು ನೆನಪಿಡತಕ್ಕದ್ದು.

ಮೂರು ನಿಮಿಷಗಳ ನಿಯಮ

ಮೂರನೆಯ ಧಾರೆ ಷಿಕಾಗೊದಿಂದ ಬಂದಿತು. ಕಟ್ಟಡ ಕಟ್ಟುವ ಕಸುಬಿನಲ್ಲಿದ್ದ ಮಾರ್ಕ್ ಸ್ಮಿತ್ ಎಂಬ ಕವಿ, ವಿದ್ವತ್ಸಭೆಗಳ ಕವಿತಾವಾಚನ ಕೇಳಿ ಬೇಸತ್ತು, ೧೯೮೬ರಲ್ಲಿ ಗ್ರೀನ್ ಮಿಲ್ ಎಂಬ ಜಾಜ್ ಪಾನಗೃಹದಲ್ಲಿ ಕವಿತೆಯನ್ನು ಪಂದ್ಯವಾಗಿ ಏರ್ಪಡಿಸಿದರು. ಇದೇ ಪೊಯೆಟ್ರಿ ಸ್ಲ್ಯಾಮ್. ಪ್ರೇಕ್ಷಕರ ನಡುವಿನಿಂದಲೇ ಐವರು ತೀರ್ಪುಗಾರರು. ಸೊನ್ನೆಯಿಂದ ಹತ್ತರವರೆಗೆ ಅಂಕ. ಅತ್ಯಧಿಕವಾದುದನ್ನೂ ಅತ್ಯಲ್ಪವಾದುದನ್ನೂ ಕಳೆದು ಉಳಿದ ಮೂರರ ಮೊತ್ತ. ಒಂದು ಕವಿತೆಗೆ ಮೂರು ನಿಮಿಷ. ವಾದ್ಯ ಕೂಡದು, ವೇಷ ಕೂಡದು, ಕೈಯಲ್ಲಿ ಯಾವ ಪರಿಕರವೂ ಕೂಡದು. ಈ ಕಡೆಯ ನಿಷೇಧ ಮೇಲುನೋಟಕ್ಕೆ ರಂಗಭೂಮಿಯನ್ನು ಕಾವ್ಯದಿಂದ ದೂರವಿಡುವ ಎಚ್ಚರಿಕೆಯಂತೆ ಕಂಡರೂ, ಅದರ ಪರಿಣಾಮ ತದ್ವಿರುದ್ಧವಾಯಿತು. ವೇಷವಿಲ್ಲದಲ್ಲಿ ಮುಖವೇ ವೇಷವಾಗಬೇಕು, ವಾದ್ಯವಿಲ್ಲದಲ್ಲಿ ಉಸಿರೇ ತಾಳವಾಗಬೇಕು. ಹೀಗೆ ಒಂದು ತಲೆಮಾರಿನ ಕವಿಗಳು, ತಮಗೆ ಅರಿವಿಲ್ಲದೆಯೇ, ನಟರ ಶಿಕ್ಷಣವನ್ನು ಪಡೆದರು.

ನ್ಯೂಯಾರ್ಕಿನಲ್ಲಿ ಸ್ಲ್ಯಾಮಿಗೆ ಆಶ್ರಯವಿತ್ತುದು ನ್ಯುಯೊರಿಕನ್ ಪೊಯೆಟ್ಸ್ ಕೆಫೆ. ೧೯೭೩ರ ಸುಮಾರಿಗೆ ಮಿಗೆಲ್ ಅಲ್ಗರೀನ್ ಅವರ ಮನೆಯ ಕೋಣೆಯಲ್ಲಿ ಪೋರ್ಟೊರಿಕೊ ಮೂಲದ ಕವಿಗಳ ಗೋಷ್ಠಿಯಾಗಿ ಹುಟ್ಟಿದ ಈ ಸಂಸ್ಥೆಯ ಆದ್ಯರಲ್ಲೊಬ್ಬರಾದ ಮಿಗೆಲ್ ಪಿನ್ಯೇರೊ, ಸಿಂಗ್‌ಸಿಂಗ್ ಸೆರೆಮನೆಯಲ್ಲಿದ್ದಾಗ ಬರೆಯತೊಡಗಿದ ‘ಷಾರ್ಟ್ ಐಸ್’ ನಾಟಕ ೧೯೭೪ರಲ್ಲಿ ನ್ಯೂಯಾರ್ಕಿನ ನಾಟಕ ವಿಮರ್ಶಕರ ಪ್ರಶಸ್ತಿಯನ್ನು ಗಳಿಸಿತ್ತು. ಕವಿತೆಯೂ ನಾಟಕವೂ ಅಲ್ಲಿ ಮೊದಲಿನಿಂದಲೂ ಒಂದೇ ಸೂರಿನಡಿ ಬೆಳೆದುವು.

ಸಂಗಮದ ದಶಕ

೧೯೯೮ರಿಂದ ೨೦೦೬ರವರೆಗಿನ ಅವಧಿಯಲ್ಲಿ ಮೂರು ಧಾರೆಗಳೂ ಕೂಡಿದುವು. ನ್ಯುಯೊರಿಕನ್ ಕೆಫೆಯ ಪಂದ್ಯದಲ್ಲಿ ಗೆದ್ದು ಬಂದ ಸಾಲ್ ವಿಲಿಯಮ್ಸ್ ನಟಿಸಿದ ‘ಸ್ಲ್ಯಾಮ್’ ಚಲನಚಿತ್ರ ೧೯೯೮ರಲ್ಲಿ ಸನ್‌ಡ್ಯಾನ್ಸ್, ಕಾನ್ ಎರಡೂ ಉತ್ಸವಗಳಲ್ಲಿ ಪುರಸ್ಕೃತವಾಯಿತು. ಡ್ಯಾನಿ ಹಾಕ್ ತಮ್ಮ ಏಕವ್ಯಕ್ತಿ ಪ್ರದರ್ಶನಗಳಿಂದ ಹೆಸರಾಗಿ, ೨೦೦೦ದಲ್ಲಿ ನ್ಯೂಯಾರ್ಕಿನಲ್ಲಿ ಹಿಪ್‌ಹಾಪ್ ಥಿಯೇಟರ್ ಫೆಸ್ಟಿವಲ್ ಅನ್ನು ಸ್ಥಾಪಿಸಿದರು. ಫಿಲಡೆಲ್ಫಿಯದ ನೃತ್ಯಸಂಯೋಜಕ ರೆನಿ ಹ್ಯಾರಿಸ್ ಅದೇ ವರ್ಷ ಷೇಕ್ಸ್‌ಪಿಯರನ ಪ್ರೇಮಿಗಳನ್ನು ‘ರೋಮ್ ಅಂಡ್ ಜುವೆಲ್ಸ್’ ಎಂಬ ಹೆಸರಿನಲ್ಲಿ ಬೀದಿಯ ನೃತ್ಯಕ್ಕೆ ಇಳಿಸಿದರು. ಅದರಲ್ಲಿ ನಾಯಿಕೆ ಕಣ್ಣಿಗೆ ಬೀಳುವುದೇ ಇಲ್ಲ. ಬ್ರಾಂಕ್ಸ್‌ನ ‘ಯೂನಿವರ್ಸಸ್’ ತಂಡ ೨೦೦೧ರಲ್ಲಿ ‘ಸ್ಲ್ಯಾಂಗ್ವೇಜ್’ ಅನ್ನು ಆಡಿತು. ೨೦೦೨ರಲ್ಲಿ ‘ಡೆಫ್ ಪೊಯೆಟ್ರಿ ಜ್ಯಾಮ್’ ದೂರದರ್ಶನದಿಂದ ಬ್ರಾಡ್‌ವೇಗೆ ಬಂದು, ಪ್ಯಾಲೆಸ್ಟೈನ್ ಮೂಲದ ಸುಹೇರ್ ಹಮ್ಮಾದ್, ಜಮೈಕದ ಸ್ಟೇಸಿಆನ್ ಚಿನ್ ಮೊದಲಾದ ಒಂಬತ್ತು ಕವಿಗಳು ಒಬ್ಬರಾದಮೇಲೊಬ್ಬರು ನಿಂತು ನುಡಿದ ಪ್ರದರ್ಶನಕ್ಕೆ ಮರುವರ್ಷ ಟೋನಿ ಪ್ರಶಸ್ತಿ ದೊರೆಯಿತು. ಅದೂ ‘ವಿಶೇಷ ರಂಗಪ್ರಸಂಗ’ ಎಂಬ ವಿಭಾಗದಲ್ಲಿ. ನಾಟಕವೆಂದೂ ಅಲ್ಲ, ಸಂಗೀತನಾಟಕವೆಂದೂ ಅಲ್ಲ.

ಸಾನ್ ಫ್ರಾನ್ಸಿಸ್ಕೋದ ಮಾರ್ಕ್ ಬಮೂತಿ ಜೋಸೆಫ್ ಅವರಲ್ಲಿ ಈ ಸಂಗಮ ಅತ್ಯಂತ ಪೂರ್ಣವಾಗಿದೆ. ಹೇಟಿ ದೇಶದ ತಂದೆತಾಯಿಗಳ ಮಗನಾಗಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ಬ್ರಾಡ್‌ವೇಯ ಟ್ಯಾಪ್ ನೃತ್ಯನಾಟಕದಲ್ಲಿ ಬದಲಿ ನಟನಾಗಿದ್ದು, ಶಾಲಾ ಅಧ್ಯಾಪಕರಾಗಿ, ಸ್ಲ್ಯಾಮ್ ಕವಿಯಾಗಿ, ೨೦೦೩ರಲ್ಲಿ ‘ವರ್ಡ್ ಬಿಕಮ್ಸ್ ಫ್ಲೆಷ್’ ಅನ್ನು ರಚಿಸಿದರು. ಇನ್ನೂ ಹುಟ್ಟದ ಮಗನಿಗೆ ತಂದೆಯಾಗಲಿರುವವನು ಬರೆಯುವ ಓಲೆಗಳೇ ಅದರ ವಸ್ತು. ಓಲೆಯನ್ನು ಕವಿ ನುಡಿಯುತ್ತಾನೆ. ಓಲೆ ಹೇಳಲು ಅಂಜುವುದನ್ನು ಅವನ ಕಾಲು ಕುಣಿದು ತೋರಿಸುತ್ತದೆ.

ವಂಶವನ್ನು ಹೇಳುವವರು

ವಿಮರ್ಶಕರಲ್ಲಿ ಒಂದು ಪಕ್ಷದವರು ಈ ಕಲೆಯನ್ನು ಅದರ ವಂಶದಿಂದ ವಿವರಿಸುವರು. ಪಶ್ಚಿಮ ಆಫ್ರಿಕದ ಗ್ರಿಯೋ ಎಂಬ ವಂಶಪಾರಂಪರ್ಯದ ಕಥಕ, ಅಮೆರಿಕದ ಕರಿಯರ ಚರ್ಚಿನ ಪ್ರವಚನಕಾರ, ಬೀದಿಯ ಹುಡುಗರ ಬೈಗುಳದ ಪಂದ್ಯ, ಜಮೈಕದ ಧ್ವನಿವರ್ಧಕದ ಮುಂದೆ ಮಾತು ಹೊಸೆಯುವವನು, ಇವರೆಲ್ಲರ ವಾರಸುದಾರನೇ ಈ ಕಲಾವಿದನೆಂಬುದು ಅವರ ವಾದ. ಹೆನ್ರಿ ಲೂಯಿ ಗೇಟ್ಸ್ ೧೯೮೮ರ ‘ದಿ ಸಿಗ್ನಿಫೈಯಿಂಗ್ ಮಂಕಿ’ ಗ್ರಂಥದಲ್ಲಿ ಕರಿಯರ ವಾಕ್ಪರಂಪರೆಯ ವಕ್ರೋಕ್ತಿಯನ್ನು ಸಾಹಿತ್ಯತತ್ತ್ವದ ಮಟ್ಟಕ್ಕೆ ಏರಿಸಿದ ಮೇಲೆ ಈ ವಾದಕ್ಕೆ ವಿದ್ವತ್ತಿನ ಬಲವೂ ಬಂದಿತು. ಇವರ ಲೆಕ್ಕದಲ್ಲಿ ವೇದಿಕೆಯ ‘ನಾನು’ ವ್ಯಕ್ತಿಯದೇ ಅಲ್ಲ, ಸಮುದಾಯದ್ದು.

ಈ ಮತವು ಬಹಳಷ್ಟನ್ನು ವಿವರಿಸುತ್ತದೆ. ಸಭಿಕರು ಏಕೆ ಸುಮ್ಮನೆ ಕೂರದೆ ಮಧ್ಯೆಮಧ್ಯೆ ಕೂಗಿ ಉತ್ತರ ಕೊಡುವರು, ಪುನರುಕ್ತಿ ಇಲ್ಲಿ ಏಕೆ ದೋಷವಲ್ಲ, ಆತ್ಮಸ್ತುತಿಯು ಏಕೆ ಅಸಹ್ಯವಾಗುವುದಿಲ್ಲ ಎಂಬುವಕ್ಕೆ ಇದರಲ್ಲಿ ಸಮಾಧಾನವಿದೆ. ಆದರೆ ವಂಶವೃಕ್ಷವನ್ನು ಬರೆಯುವ ಉತ್ಸಾಹದಲ್ಲಿ ಅದು ಕೊಂಬೆಗಳ ಭೇದವನ್ನು ಮರೆಯುತ್ತದೆ. ಗ್ರಿಯೋ ಅರಸನ ಕೀರ್ತಿಯನ್ನು ಹಾಡಿ ಬಾಳುವವನು. ಲಾಸ್ಟ್ ಪೊಯೆಟ್ಸ್ ಹಾಡಿದ್ದು ಅರಸರ ಕೀರ್ತಿಯನ್ನಲ್ಲ. ನ್ಯುಯೊರಿಕನ್ ಕೆಫೆಯ ಕವಿಗಳ ಮನೆಮಾತು ಸ್ಪ್ಯಾನಿಷ್. ಎಲ್ಲವನ್ನೂ ಆಫ್ರಿಕಕ್ಕೆ ಒಯ್ದು ಮುಟ್ಟಿಸಿದರೆ ಪೋರ್ಟೊರಿಕೊದವರ ಪಾಲು ಎಲ್ಲಿ ಹೋಯಿತೆಂಬ ಪ್ರಶ್ನೆ ಉಳಿಯುತ್ತದೆ.

ರೀತಿಯನ್ನು ಹೇಳುವವರು

ಎರಡನೆಯ ಪಕ್ಷದವರು ಮೂಲವನ್ನು ಬಿಟ್ಟು ರೀತಿಯನ್ನು ಹಿಡಿಯುವರು. ಟ್ರಿಷಿಯಾ ರೋಸ್ ೧೯೯೪ರ ‘ಬ್ಲ್ಯಾಕ್ ನಾಯ್ಸ್’ ಗ್ರಂಥದಲ್ಲಿ ಹಿಪ್‌ಹಾಪಿನ ಎಲ್ಲ ಅಂಗಗಳಲ್ಲಿಯೂ ಮೂರು ಗುಣಗಳನ್ನು ಗುರುತಿಸಿದರು: ಎಡೆಬಿಡದ ಪ್ರವಾಹ, ಒಂದರ ಮೇಲೊಂದು ಪದರಗಳ ಹೇರಿಕೆ, ಹಠಾತ್ತಾದ ಕಡಿತ. ನೃತ್ಯದಲ್ಲಿ, ಗೋಡೆಬರಹದಲ್ಲಿ, ಪ್ರಾಸದಲ್ಲಿ, ತಟ್ಟೆಯನ್ನು ಕೆರೆಯುವ ಕೈಯಲ್ಲಿ ಈ ಮೂರೂ ಇವೆ. ಹಾಗಾದರೆ ನಾಟಕದ ಕಟ್ಟಡದಲ್ಲಿಯೂ ಇವು ಇರಬಾರದೇಕೆ? ಸಂಭಾಷಣೆಯ ನಡುವೆ ಒಂದು ರ‍್ಯಾಪ್ ಹಾಡನ್ನು ಸಿಕ್ಕಿಸಿದ ಮಾತ್ರಕ್ಕೆ ಅದು ಹಿಪ್‌ಹಾಪ್ ನಾಟಕವಾಗದು; ಕಥೆಯೇ ಕಡಿದು, ಹೇರಿ, ಹರಿದು ಬರಬೇಕು.

ಇದಕ್ಕೆ ಉತ್ತಮ ನಿದರ್ಶನ ವಿಲ್ ಪವರ್ ಅವರ ಕೃತಿಗಳು. ಡ್ಯಾನಿ ಹಾಕ್ ನಿರ್ದೇಶಿಸಿದ ೨೦೦೩ರ ‘ಫ್ಲೋ’ ಪ್ರದರ್ಶನದಲ್ಲಿ ಒಬ್ಬರೇ ಒಂದು ಕೇರಿಯ ಏಳು ಮಂದಿ ಕಥೆಗಾರರಾಗಿ ಪ್ರಾಸದಲ್ಲಿ ನುಡಿಯುತ್ತಾರೆ, ಡಿ.ಜೆ. ರೀಬಾರ್ನ್ ವೇದಿಕೆಯ ಮೇಲೆಯೇ ಇದ್ದು ಜತೆನೀಡುತ್ತಾರೆ. ೨೦೦೬ರ ‘ದಿ ಸೆವೆನ್’ ಅದಕ್ಕಿಂತ ಸಾಹಸದ್ದು. ಗ್ರೀಕ್ ನಾಟಕಕಾರ ಈಸ್ಕಿಲಸನ ‘ಥೀಬ್ಸಿನ ವಿರುದ್ಧ ಏಳ್ವರು’ ನಾಟಕವನ್ನು ಡಿ.ಜೆ. ಒಬ್ಬಳು ಹಳೆಯ ಧ್ವನಿತಟ್ಟೆಯಂತೆ ಹೊರತೆಗೆದು ತಿರುಗಿಸುತ್ತಾಳೆ. ತಂದೆ ಈಡಿಪಸ್ ಮಕ್ಕಳ ಮೇಲೆ ಹಾಕಿದ ಶಾಪವು ಹಿಂದಿನವರ ಹಾಡಿನ ತುಣುಕಿನಂತೆ ಮತ್ತೆ ಮತ್ತೆ ಮರಳುತ್ತದೆ. ಪೂರ್ವಜರ ಧ್ವನಿಯನ್ನು ಕಿತ್ತು ತನ್ನ ತಾಳಕ್ಕೆ ಸೇರಿಸಿಕೊಳ್ಳುವುದು ಹಿಪ್‌ಹಾಪಿನ ಕುಶಲತೆಯಾದರೆ, ಪೂರ್ವಜರ ಧ್ವನಿಯಿಂದ ಬಿಡಿಸಿಕೊಳ್ಳಲಾಗದಿರುವುದು ಗ್ರೀಕ್ ದುರಂತದ ವಸ್ತು. ಇವೆರಡೂ ಒಂದೇ ಎಂದು ಕಂಡುಕೊಂಡುದು ಪವರ್ ಅವರ ಪ್ರತಿಭೆ. ರೀತಿಪಕ್ಷವು ಸಾಧಿಸಿದ ಅತಿ ದೊಡ್ಡ ಜಯವಿದು ಎಂದು ನಾನು ಎಣಿಸುತ್ತೇನೆ.

ಈ ಪಕ್ಷಕ್ಕೆ ಸಾಗರದಾಚೆಯ ಬೆಂಬಲವೂ ಉಂಟು. ಲಂಡನ್ನಿನ ಜಾನ್ಜಿ ಡಿ ೨೦೦೪ರಲ್ಲಿ ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ ಆರಂಭಿಸಿದ ‘ಬ್ರೇಕಿನ್ ಕನ್ವೆನ್ಷನ್’ ಉತ್ಸವದಲ್ಲಿ ಪ್ರಾಧಾನ್ಯ ಮಾತಿಗಿಂತ ದೇಹಕ್ಕೆ. ಅಲ್ಲಿನ ಕವಿ ಕೇ ಟೆಂಪೆಸ್ಟ್ ಅವರ ‘ಬ್ರ್ಯಾಂಡ್ ನ್ಯೂ ಏನ್ಷೆಂಟ್ಸ್’ ೨೦೧೩ರಲ್ಲಿ ಟೆಡ್ ಹ್ಯೂಸ್ ಪ್ರಶಸ್ತಿಯನ್ನು ಪಡೆಯಿತು. ಅದು ಕಾವ್ಯದ ಪ್ರಶಸ್ತಿಯೆಂಬುದು ಗಮನಾರ್ಹ.

ಯಾರಿಂದ, ಯಾರಿಗಾಗಿ

ಡ್ಯಾನಿ ಹಾಕ್ ಅವರ ನಿಲುವು ಬೇರೆ. ‘ಟೋಟಲ್ ಕೇಯಾಸ್’ ಎಂಬ ಸಂಕಲನದಲ್ಲಿ ಸೇರಿರುವ ತಮ್ಮ ಪ್ರಣಾಳಿಕೆಯಲ್ಲಿ, ಈ ರಂಗಭೂಮಿಯು ಹಿಪ್‌ಹಾಪ್ ತಲೆಮಾರಿನವರಿಂದ, ಅವರನ್ನೇ ಕುರಿತು, ಅವರಿಗಾಗಿಯೇ ಇರಬೇಕೆಂದು ಅವರು ವಾದಿಸಿದರು. ಇದು ಹಳೆಯ ಮಾತಿನ ಮರುಧ್ವನಿ. ೧೯೨೬ರಲ್ಲಿಯೇ ಕರಿಯರ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಹಾರ್ಲೆಮ್‌ನ ಕ್ರಿಗ್ವಾ ನಾಟಕ ತಂಡಕ್ಕಾಗಿ ‘ಕ್ರೈಸಿಸ್’ ಪತ್ರಿಕೆಯಲ್ಲಿ ಇಂಥದೇ ಸೂತ್ರವನ್ನು ಬರೆದು, ಜನರ ಮನೆಗೆ ಸಮೀಪವಾಗಿಯೂ ಇರಬೇಕೆಂದು ನಾಲ್ಕನೆಯ ಷರತ್ತೊಂದನ್ನು ಸೇರಿಸಿದ್ದರು. ಸಮೀಪ ಎಂಬ ಆ ಷರತ್ತೇ ಮುಂದೆ ಎಲ್ಲರೂ ಮರೆತದ್ದು.

ಹಾಕ್ ಅವರ ವಾದದ ಸ್ವಾರಸ್ಯವಿರುವುದು ವಾದಿಸಿದವರಲ್ಲಿ. ಅವರು ನ್ಯೂಯಾರ್ಕಿನ ಯಹೂದಿ. ವೇದಿಕೆಯ ಮೇಲೆ ಅವರು ತೊಟ್ಟುಕೊಂಡ ಧ್ವನಿಗಳು ಪೋರ್ಟೊರಿಕೊದವನದು, ಕ್ಯೂಬದವನದು, ಕರಿಯ ಕೈದಿಯದು. ಪ್ರಸಿದ್ಧ ಹಾಸ್ಯ ಧಾರಾವಾಹಿಯೊಂದರಲ್ಲಿ ಲ್ಯಾಟಿನ್ ನೌಕರನ ಪಾತ್ರವನ್ನು ನಗೆಪಾಟಲಿನ ಉಚ್ಚಾರದಲ್ಲಿ ಆಡಲು ಅವರು ನಿರಾಕರಿಸಿ ಹೊರಬಂದುದನ್ನು ‘ಜೈಲ್ಸ್, ಹಾಸ್ಪಿಟಲ್ಸ್ ಅಂಡ್ ಹಿಪ್‌ಹಾಪ್’ ಪ್ರದರ್ಶನದಲ್ಲಿ ಅವರೇ ಆಡಿ ತೋರಿಸಿದರು. ಹಾಗಾದರೆ ಒಂದೇ ಉಚ್ಚಾರ ಒಂದು ಕಡೆ ಅಪಮಾನ, ಇನ್ನೊಂದು ಕಡೆ ಗೌರವವಾಗುವುದು ಯಾವ ಕಾರಣದಿಂದ? ಒಂದೇ ಕೇರಿಯಲ್ಲಿ ಕೂಡಿ ಬೆಳೆದ ಹಕ್ಕಿನಿಂದ ಎಂಬುದು ಈ ಪಕ್ಷದ ಉತ್ತರ. ಉತ್ತರ ದುರ್ಬಲವಲ್ಲ, ಆದರೆ ಅದು ಕಲೆಯ ಯೋಗ್ಯತೆಯನ್ನು ಕಲಾವಿದನ ವಿಳಾಸದಿಂದ ಅಳೆಯುವ ಅಪಾಯಕ್ಕೆ ಬಾಗಿಲು ತೆರೆಯುತ್ತದೆ.

ಕಾವ್ಯದ ಮನೆಯಿಂದ ಬಂದ ಆಕ್ಷೇಪಣೆ

ಕಾವ್ಯದ ಪಂಡಿತರು ಸುಮ್ಮನಿರಲಿಲ್ಲ. ೨೦೦೦ದಲ್ಲಿ ‘ಪ್ಯಾರಿಸ್ ರಿವ್ಯೂ’ ಪತ್ರಿಕೆಯಲ್ಲಿ ಹೆರಾಲ್ಡ್ ಬ್ಲೂಮ್ ಸ್ಲ್ಯಾಮನ್ನು ಕಲೆಯ ಮರಣವೆಂದೇ ಖಂಡಿಸಿದರು. ಚಪ್ಪಾಳೆಯ ಪ್ರಮಾಣವು ಕವಿತೆಯ ಪ್ರಮಾಣವಾಗದೆಂಬ ಅವರ ಆಶಯವನ್ನು ಒಪ್ಪಬಹುದು. ಅವರ ಕೋಪವನ್ನು ಒಪ್ಪುವುದು ಕಷ್ಟ. ಇದಕ್ಕಿಂತ ಸೂಕ್ಷ್ಮವಾದುದು ಸೂಸನ್ ಸೋಮರ್ಸ್-ವಿಲೆಟ್ ೨೦೦೯ರ ತಮ್ಮ ಗ್ರಂಥದಲ್ಲಿ ಮಾಡಿದ ವಿಶ್ಲೇಷಣೆ. ಸ್ಲ್ಯಾಮಿನಲ್ಲಿ ತೀರ್ಪುಗಾರರು ಅಂಕ ಕೊಡುವುದು ಕವಿತೆಗೆ ಮಾತ್ರವಲ್ಲ, ಕವಿಯ ಸಾಚಾತನಕ್ಕೂ ಸಹ. ಆದರೆ ಆ ಸಾಚಾತನವೇ ಅಭ್ಯಾಸದಿಂದ ಸಾಧಿಸಿದ ಅಭಿನಯ ಎಂಬುದು ಅವರ ನಿರ್ಣಯ. ಇದನ್ನು ಒಪ್ಪಿದರೆ ನಿವೇದನೆಯ ‘ನಾನು’ ಕೂಡ ನಟನ ‘ನಾನು’ ಆಗಿಬಿಡುತ್ತದೆ. ಕವಿಗಳಿಗೆ ಇದು ರುಚಿಸಲಿಲ್ಲ. ರುಚಿಸಬೇಕಾಗಿಯೂ ಇಲ್ಲ.

ಒಬ್ಬಳ ಬಾಯಲ್ಲಿ ಕವಿಗೋಷ್ಠಿ

ನನ್ನ ದೃಷ್ಟಿಯಲ್ಲಿ ಈ ಎಲ್ಲ ವಾದಗಳಿಗೂ ಒರೆಗಲ್ಲಾಗತಕ್ಕವರು ಸಾರಾ ಜೋನ್ಸ್. ಅವರ ಮೊದಲ ಪ್ರಸಿದ್ಧಿಗೆ ಕಾರಣವಾದುದು ‘ಯುವರ್ ರೆವಲ್ಯೂಷನ್’ ಎಂಬ ಕವಿತೆ. ರ‍್ಯಾಪ್ ಹಾಡುಗಳು ಹೆಣ್ಣನ್ನು ಭೋಗವಸ್ತುವಾಗಿ ಕಾಣುವುದನ್ನು, ಆ ಹಾಡುಗಳದೇ ನುಡಿಗಟ್ಟನ್ನು ತಿರುಗಿಸಿ, ಖಂಡಿಸಿದ ಕವಿತೆ ಅದು. ೨೦೦೧ರಲ್ಲಿ ಅಮೆರಿಕದ ಸಂಪರ್ಕ ಆಯೋಗವು, ಅದನ್ನು ಪ್ರಸಾರ ಮಾಡಿದ ಪೋರ್ಟ್‌ಲ್ಯಾಂಡಿನ ಆಕಾಶವಾಣಿ ಕೇಂದ್ರಕ್ಕೆ, ಅಶ್ಲೀಲವೆಂಬ ಕಾರಣದ ಮೇಲೆ ೭,೦೦೦ ಡಾಲರ್ ದಂಡವನ್ನು ವಿಧಿಸಿತು. ಕವಯಿತ್ರಿ ನ್ಯಾಯಾಲಯದ ಮೆಟ್ಟಿಲೇರಿದರು. ೨೦೦೩ರಲ್ಲಿ ಆಯೋಗ ತನ್ನ ನಿರ್ಣಯವನ್ನು ಹಿಂತೆಗೆದುಕೊಂಡಿತು. ಉದ್ಧರಿಸಿದ ಮಾತಿಗೂ ಸ್ವಂತ ಮಾತಿಗೂ ಇರುವ ಭೇದ ಕಾಯಿದೆಯ ಕಿವಿಗೆ ಕೇಳಿಸಲು ಎರಡು ವರ್ಷ ಬೇಕಾಯಿತೆಂದಾಯಿತು.

ಅವರ ‘ಬ್ರಿಡ್ಜ್ ಅಂಡ್ ಟನೆಲ್’ ೨೦೦೪ರಲ್ಲಿ ಸಣ್ಣ ರಂಗಮಂದಿರದಲ್ಲಿ ಆರಂಭವಾಗಿ ೨೦೦೬ರಲ್ಲಿ ಬ್ರಾಡ್‌ವೇಗೆ ಬಂದಿತು. ಅದರ ಕಥಾಸ್ಥಳ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಒಂದು ಕೆಫೆ. ನಡೆಯುವುದು ವಲಸೆಗಾರರ ಕವಿಗೋಷ್ಠಿ. ಗೋಷ್ಠಿಯನ್ನು ನಡೆಸಿಕೊಡುವವನು ಪಾಕಿಸ್ತಾನದಿಂದ ಬಂದ ಲೆಕ್ಕಪತ್ರಗಾರ. ಹಾಸ್ಯಪ್ರಿಯ, ತುಸು ಸಂಕೋಚಸ್ವಭಾವದವನು, ಮತ್ತು ಸೆಪ್ಟೆಂಬರ್ ೧೧ರ ದಾಳಿಗಳ ಅನಂತರದ ಸಂಶಯದ ವಾತಾವರಣದಲ್ಲಿ ಸರಕಾರದ ಕಣ್ಣಿಗೆ ಬಿದ್ದವನು. ಯಹೂದಿ ವೃದ್ಧೆಯೊಬ್ಬಳು, ಮಗಳ ಪ್ರೇಮವನ್ನು ಒಪ್ಪಿಕೊಳ್ಳಲು ಹೆಣಗುವ ಚೀನಾದ ತಾಯಿಯೊಬ್ಬಳು, ಏಷ್ಯದವನಾದ ತನ್ನಿಂದ ಜನ ನಿರೀಕ್ಷಿಸುವ ಸೌಮ್ಯತೆಯ ಮೇಲೆ ಸಿಡಿದೇಳುವ ವಿಯೆಟ್ನಾಮ್ ಮೂಲದ ತರುಣ, ಹೀಗೆ ಒಬ್ಬೊಬ್ಬರೂ ಬಂದು ತಮ್ಮ ತ್ರಾಸವನ್ನು ತಾವೇ ಬರೆದ ಕವಿತೆಯಾಗಿ ಓದುವರು. ಎಲ್ಲರೂ ಸಾರಾ ಜೋನ್ಸ್ ಒಬ್ಬರೇ. ಬದಲಾಗುವುದು ಒಂದು ಕೋಟು, ಒಂದು ಕನ್ನಡಕ, ಕೊರಳ ಇಳುಕು.

ಇಲ್ಲಿ ಏನಾಗುತ್ತಿದೆ ಎಂಬುದನ್ನು ತಾಳ್ಮೆಯಿಂದ ನೋಡಬೇಕು. ಕವಿಗೋಷ್ಠಿಯ ನಿಯಮವೆಂದರೆ ಕವಿ ತನ್ನ ಬಾಳನ್ನೇ ನುಡಿಯಬೇಕು, ಅನ್ಯರದನ್ನಲ್ಲ. ಆ ನಿಯಮವನ್ನು ಪಾತ್ರಗಳೆಲ್ಲವೂ ಪಾಲಿಸುತ್ತವೆ. ಪಾತ್ರಧಾರಿಣಿ ಮಾತ್ರ ಸಂಪೂರ್ಣವಾಗಿ ಮುರಿಯುತ್ತಾಳೆ. ನಿವೇದನೆಯ ‘ನಾನು’ ನಟಿಯ ‘ನಾನು’ವಿನ ಒಳಗೆ ಕುಳಿತಿದೆ, ಆದರೂ ಆ ಚೀನಾದ ತಾಯಿ ಕವಿತೆಯನ್ನು ಓದಿ ಮುಗಿಸಿದಾಗ ಸಭಿಕರಿಗೆ ಅದು ಸಾಚಾ ಎನಿಸುವುದಕ್ಕೆ ಅಡ್ಡಿಯಾಗಲಿಲ್ಲ. ನಮ್ಮ ತಾಳಮದ್ದಳೆಯ ಅರ್ಥಧಾರಿಯು ಕೃಷ್ಣನಾಗಿ ‘ನಾನು’ ಎಂದು ವಾದಹೂಡಿದಾಗ, ಮಾತು ಕೃಷ್ಣನದೂ ಹೌದು, ಜಾಣ್ಮೆ ಅರ್ಥಧಾರಿಯದೂ ಹೌದು ಎಂದು ಎರಡನ್ನೂ ಒಟ್ಟಿಗೆ ಸವಿಯುವ ಅಭ್ಯಾಸ ಕರಾವಳಿಯ ರಸಿಕರಿಗೆ ಉಂಟು. ಈ ಎರಡು ಕಲೆಗಳಿಗೆ ಬಾಂಧವ್ಯವೇನೂ ಇಲ್ಲ, ಆದರೆ ಕನ್ನಡದ ಓದುಗರಿಗೆ ಆ ಅನುಭವದ ಮೂಲಕ ಇದನ್ನು ಗ್ರಹಿಸುವುದು ಸುಲಭ. ವಂಶಪಕ್ಷವಾಗಲಿ, ಹಾಕ್ ಅವರ ಪ್ರಣಾಳಿಕೆಯಾಗಲಿ ‘ಬ್ರಿಡ್ಜ್ ಅಂಡ್ ಟನೆಲ್’ ಅನ್ನು ಪೂರ್ತಿಯಾಗಿ ವಿವರಿಸಲಾರವು. ರಂಗಭೂಮಿಯ ಪಕ್ಷವೇ, ಅಂದರೆ ಇದು ಎಲ್ಲಕ್ಕಿಂತ ಮೊದಲು ಅಭಿನಯವೆಂದು ಹೇಳುವವರ ಪಕ್ಷವೇ, ಇಲ್ಲಿ ಹೆಚ್ಚು ಸಮರ್ಥವೆಂದು ನನ್ನ ಮತ. ಬ್ರಾಡ್‌ವೇ ಆಕೆಗೆ ೨೦೦೬ರಲ್ಲಿ ಕೊಟ್ಟ ಟೋನಿ ಕೂಡ ‘ವಿಶೇಷ’ ಪ್ರಶಸ್ತಿಯೇ.

ಹ್ಯಾಮಿಲ್ಟನ್ನಿನ ಅನಂತರ

ಲಿನ್-ಮ್ಯಾನುಯಲ್ ಮಿರಾಂಡ ಅವರ ‘ಹ್ಯಾಮಿಲ್ಟನ್’ ಸಂಗೀತನಾಟಕ ೨೦೧೫ರಲ್ಲಿ ಬಂದು ವಿವಾದದ ನೆಲೆಯನ್ನೇ ಬದಲಿಸಿತು. ೨೦೧೬ರ ಪುಲಿಟ್ಜರ್, ಹನ್ನೊಂದು ಟೋನಿಗಳು; ಈ ಬಾರಿ ಯಾವ ವಿಶೇಷ ವಿಭಾಗವೂ ಬೇಕಾಗಲಿಲ್ಲ. ಅಮೆರಿಕದ ರಾಷ್ಟ್ರಪಿತೃಗಳನ್ನು ಕರಿಯರೂ ಲ್ಯಾಟಿನ್ ಮೂಲದವರೂ ಆದ ನಟರು ರ‍್ಯಾಪ್ ನುಡಿಯುತ್ತ ಆಡಿದರು. ರಾಷ್ಟ್ರದ ಸೊತ್ತನ್ನು ಹೊಸಬರು ಕೈವಶ ಮಾಡಿಕೊಂಡರೆಂದು ಹಲವರು ಹರ್ಷಿಸಿದರೆ, ಇತಿಹಾಸಕಾರ್ತಿ ಲೈರಾ ಮಾಂಟೆರೊ ಮೊದಲಾದವರು ವೇದಿಕೆಯ ಮೇಲೆ ಕರಿಯ ನಟರಿರುವರು, ಕಥೆಯೊಳಗೆ ಗುಲಾಮರಾಗಿದ್ದ ಕರಿಯರೇ ಇಲ್ಲವೆಂದು ಆಕ್ಷೇಪಿಸಿದರು. ಲೇಖಕ ಇಷ್ಮೇಲ್ ರೀಡ್ ೨೦೧೯ರಲ್ಲಿ ಇದನ್ನು ಗೇಲಿಮಾಡುವ ನಾಟಕವನ್ನೇ ಬರೆದು ಆಡಿಸಿದರು; ಆಡಿಸಿದ್ದು ನ್ಯುಯೊರಿಕನ್ ಕೆಫೆಯಲ್ಲಿ. ೨೦೧೬ರಲ್ಲಿ ‘ಹ್ಯಾಮಿಲ್ಟನ್’ ನಾಟಕದ ಅತ್ಯುತ್ತಮ ಆಸನಗಳ ಬೆಲೆ ೮೪೯ ಡಾಲರಿಗೆ ಏರಿತು. ಚೀಟಿ ಎತ್ತುವ ಅದೃಷ್ಟವಂತರಿಗೆ ಮಾತ್ರ ೧೦ ಡಾಲರ್. ಡುಬಾಯ್ಸ್ ಕೇಳಿದ ಸಾಮೀಪ್ಯ ಎಷ್ಟು ದೂರ ಸರಿಯಿತೆಂಬುದಕ್ಕೆ ಈ ಎರಡು ಅಂಕೆಗಳು ಸಾಕು.

ಇನ್ನೂ ನಿಂತಿರುವ ಪ್ರಶ್ನೆಗಳು

ಯಾರು ಯಾರ ಧ್ವನಿಯನ್ನು ತೊಡಬಹುದೆಂಬುದು ಇನ್ನೂ ತೀರ್ಮಾನವಾಗಿಲ್ಲ. ಹಾಕ್, ಜೋನ್ಸ್ ಮೊದಲಾದವರು ಇಪ್ಪತ್ತು ವರ್ಷಗಳ ಹಿಂದೆ ನಿಸ್ಸಂಕೋಚವಾಗಿ ಆಡಿದ ಪಾತ್ರಗಳನ್ನು ಇಂದು ಹೊಸ ಕಲಾವಿದನೊಬ್ಬ ಆಡಲು ಹಿಂದೆಮುಂದೆ ನೋಡುವನು. ಅದು ವಿವೇಕವೋ ಕಲೆಯ ಸಂಕೋಚವೋ ಎಂಬುದರಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ. ಆಶುವಾಗಿ ಹುಟ್ಟುವ ಮಾತನ್ನು ಪ್ರತಿರಾತ್ರಿಯೂ ಒಂದೇ ಬಗೆಯಾಗಿರಬೇಕಾದ ನಾಟಕದಲ್ಲಿ ಇರಿಸುವುದು ಹೇಗೆಂಬುದಕ್ಕೂ ನಿಶ್ಚಿತ ಪದ್ಧತಿ ಹುಟ್ಟಿಲ್ಲ. ಆಸನಗಳ ಬೆಲೆಯಿಂದ ಪ್ರೇಕ್ಷಕರು ದೂರವಾಗುವ ವಿಷಯವನ್ನು ಈಗಾಗಲೇ ಹೇಳಿದ್ದಾಗಿದೆ.

ಇವೆಲ್ಲಕ್ಕಿಂತ ಗಹನವಾದುದು ಕೃತಿಯ ಆಯುಸ್ಸಿನ ಪ್ರಶ್ನೆ. ರಚಿಸಿದವರ ದೇಹವನ್ನು ಬಿಟ್ಟು ಇಂಥ ಕೃತಿ ಬಾಳಬಲ್ಲುದೇ? ‘ಹ್ಯಾಮಿಲ್ಟನ್’ ಬಾಳಿತು, ಕರ್ತೃ ೨೦೧೬ರ ಜುಲೈನಲ್ಲಿ ಪಾತ್ರವನ್ನು ಬಿಟ್ಟುಕೊಟ್ಟ ಮೇಲೂ ಅದು ನಡೆಯುತ್ತಿದೆ. ಆದರೆ ಅದು ಏಕವ್ಯಕ್ತಿಯದಲ್ಲ, ನಿವೇದನೆಯದೂ ಅಲ್ಲ. ಆದುದರಿಂದ ಆ ನಿದರ್ಶನ ಸಲ್ಲದು. ಬಮೂತಿ ಜೋಸೆಫ್ ತಮ್ಮ ‘ವರ್ಡ್ ಬಿಕಮ್ಸ್ ಫ್ಲೆಷ್’ ಅನ್ನು ಕೆಲವು ವರ್ಷಗಳ ಅನಂತರ ಬೇರೆ ತರುಣರ ತಂಡಕ್ಕೆ ಹಂಚಿ ಆಡಿಸಿದುದು ಹೆಚ್ಚು ಪ್ರಸ್ತುತ: ಒಬ್ಬ ತಂದೆಯ ಓಲೆಗಳನ್ನು ಹಲವರು ನುಡಿದರು. ಎಂಟೊಜಾಕೆ ಶಾಂಗೆ ೨೦೧೮ರಲ್ಲಿ ತೀರಿಕೊಂಡರು. ನಾಲ್ಕು ವರ್ಷಗಳ ಅನಂತರ, ೨೦೨೨ರಲ್ಲಿ, ‘ಫಾರ್ ಕಲರ್ಡ್ ಗರ್ಲ್ಸ್’ ಹಿಂದಿನ ಅದೇ ಬೂತ್ ರಂಗಮಂದಿರಕ್ಕೆ ಹೊಸ ನಟಿಯರೊಂದಿಗೆ ಮರಳಿತು. ಸಾರಾ ಜೋನ್ಸ್, ವಿಲ್ ಪವರ್ ಅವರ ಏಕವ್ಯಕ್ತಿ ಕೃತಿಗಳಿಗೆ ಇಂಥ ಎರಡನೆಯ ಬಾಳು ದೊರೆಯುವುದೇ ಎಂಬುದನ್ನು ಹೇಳಲು ಕಾಲ ಇನ್ನೂ ಸಾಲದು. ಡೇನಿಯಲ್ ಬ್ಯಾಂಕ್ಸ್ ಸಂಪಾದಿಸಿದ ‘ಸೇ ವರ್ಡ್!’ ಎಂಬ ೨೦೧೧ರ ಸಂಕಲನದಂಥ ಪುಸ್ತಕಗಳಲ್ಲಿ ಈ ಪ್ರಕಾರದ ನಾಟಕಗಳು ಈಗ ಅಚ್ಚಿನಲ್ಲಿ ದೊರೆಯುತ್ತವೆ. ಆಸಕ್ತರಾದ ಓದುಗರು ಅವನ್ನು ಕಣ್ಣಿನಿಂದ ಓದಿ ಬದಿಗಿಡದೆ, ಒಂದೆರಡು ಪುಟಗಳನ್ನಾದರೂ ಗಟ್ಟಿಯಾಗಿ ಓದಿ, ಅನ್ಯರ ‘ನಾನು’ ತಮ್ಮ ಬಾಯಲ್ಲಿ ನಿಲ್ಲುವುದೇ ಇಲ್ಲವೇ ಎಂಬುದನ್ನು ತಾವೇ ಪರೀಕ್ಷಿಸಬೇಕೆಂದು ನನ್ನ ಕೋರಿಕೆ.